ಇಲ್ಲಿ ಉಸಿರು ತಗೋ

ಈ ಸಲದ ನಾಟಕಕ್ಕೆ ಮರೆತ ಮಾತು ಹೇಳಿಕೊಡುವ ಪ್ರಾಂಪ್ಟರ್ ಬೇಕಾಗಿಲ್ಲ, ರಂಗದ ಪಕ್ಕದ ಎರಡು ವಿಂಗಿನಲ್ಲೂ ಒಂದೊಂದು ಟ್ಯಾಬ್ಲೆಟ್ ಇಟ್ಟರೆ ಸಾಕು ಎಂದು ಶ್ರೀಧರ್ ಹೇಳಿದಾಗ ನನಗೆ ಬಂದ ಸಿಟ್ಟು ಕಂಡು ನನಗೇ ಆಶ್ಚರ್ಯವಾಯಿತು. ಶ್ರೀಧರ್ ಕ್ಲೆಮೆಂಟಿಯ ಹತ್ತಿರದ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್. ನಾನು ಬರೆದು ಆಡಿಸುವ ಕನ್ನಡ ನಾಟಕಗಳಲ್ಲಿ ಹನ್ನೆರಡು ವರ್ಷಗಳಿಂದ ಕಾಯಂ ರಾಜ. ಪಾಪ, ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಟ್ಯಾಬ್ಲೆಟ್ಟಿಗೆ ಕೆಮ್ಮು ಬರುವುದಿಲ್ಲ, ಬೂನ್ ಲೇಯಿಂದ ಎಂಆರ್‌ಟಿ ರೈಲು ಹತ್ತಿ ರಿಹರ್ಸಲ್‌ಗೆ ಬರಬೇಕಾಗಿಯೂ ಇಲ್ಲ. ಆದರೂ ನಾನು, "ಆ ಸ್ಟೂಲ್ ಮೇಲೆ ಮೆಷೀನ್ ಇಟ್ರೆ ನಾನು ಡೈರೆಕ್ಟ್ ಮಾಡಲ್ಲ" ಎಂದು ಎದ್ದು ಬಂದುಬಿಟ್ಟೆ. ಮನೆಗೆ ಬಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆನೆಂದು ಹೇಳಿದರೆ ಶ್ರೀಧರ್ ನಂಬುವುದಿಲ್ಲ. ಆ ಸ್ಟೂಲಿನ ಮೇಲೆ ಕೂರುತ್ತಿದ್ದ ಅಂಕಲ್ ತೀರಿಕೊಂಡು ಆಗಲೇ ಮೂರು ತಿಂಗಳಾಗಿತ್ತು. ಅವರು ಹೋದ ದಿನ ನಾನು ಅತ್ತಿರಲಿಲ್ಲ.

ನಾವು ಬಂದು ನೆಲೆಸಿದ ಈ ಪರದೇಶದ ಊರಿನಲ್ಲಿ ಬಸ್ ಓಡಿಸುವವರೂ ಅಂಕಲ್, ಸಾಲು ತಿಂಡಿಯಂಗಡಿಗಳ ಹಾಕರ್ ಸೆಂಟರಿನಲ್ಲಿ ಕಾಫಿ ಕೊಡುವವರೂ ಅಂಕಲ್. ಆದರೆ ನಮ್ಮ ಗುಂಪಿನಲ್ಲಿ ಬರೀ ಅಂಕಲ್ ಎಂದರೆ ಅವರೊಬ್ಬರೇ. ಹೆಸರು ಇಲ್ಲಿ ಬರೆಯುವುದಿಲ್ಲ. ನಾಟಕ ಮುಗಿದ ಮೇಲೆ ಎಲ್ಲರ ಹೆಸರು ಹೇಳುವಾಗ ತಮ್ಮ ಹೆಸರು ಬಂದರೆ ಬೇವಿನಸೊಪ್ಪು ಅಗಿದವರ ಹಾಗೆ ಮುಖ ಮಾಡುತ್ತಿದ್ದರು. ಪ್ರಾಂಪ್ಟರ್ ಒಬ್ಬ ಇದ್ದ ಅಂತ ಜನಕ್ಕೆ ಗೊತ್ತಾದರೆ ಅವನು ಕೆಲಸ ಸರಿಯಾಗಿ ಮಾಡಿಲ್ಲ ಅಂತ ಅರ್ಥ, ಎನ್ನುವುದು ಅವರ ವಾದ.

ಮೊದಲ ಸಲ ಅವರನ್ನು ನೋಡಿದ್ದು ಕ್ಲೆಮೆಂಟಿಯ ನಮ್ಮ ಬ್ಲಾಕಿನ ಕೆಳಗೆ ಖಾಲಿ ಬಿಟ್ಟಿರುವ ವಾಯ್ಡ್ ಡೆಕ್‌ನಲ್ಲಿ, ರಿಹರ್ಸಲ್ ಮಾಡುತ್ತಿದ್ದಾಗ. ಹೆಣ್ಣುಮಕ್ಕಳಿಗೆ ಕಚ್ಚೆ ಸೀರೆ ಉಡಿಸಲು ಬಂದಿದ್ದ ಆಂಟಿಯ, ಅಂದರೆ ಅವರ ಹೆಂಡತಿಯ, ಹಿಂದೆ, ಚಕ್ಕುಲಿ ಡಬ್ಬ ಹಿಡಿದುಕೊಂಡು ಬಂದರು. ಎತ್ತರದ, ಬಡಕಲು ಮನುಷ್ಯ. ಶರಟಿನ ಜೇಬಿನಲ್ಲಿ ಮೊನೆ ಚೂಪು ಮಾಡಿದ ಮೂರು ಪೆನ್ಸಿಲ್. ಜುರಾಂಗಿನ ಹಡಗುಕಟ್ಟೆಯೊಂದರಲ್ಲಿ ಹಡಗಿನ ನಕ್ಷೆ ಬರೆಯುವ ಕೆಲಸ ಮಾಡಿ ರಿಟೈರ್ ಆಗಿದ್ದರು. ಮೂಲ ಮೈಸೂರು.

"ಅಂಕಲ್, ನೀವೂ ಒಂದು ಪಾರ್ಟ್ ಮಾಡ್ತೀರಾ?" ಎಂದೆ.

"ನ… ನ… ನನಗೆ…"

"ಟೈಮ್ ಇಲ್ವಾ? ಪರವಾಗಿಲ್ಲ ಬಿಡಿ."

ಅವರು ಅಲ್ಲವೆಂದು ತಲೆಯಾಡಿಸಿದರು. "ನನಗೆ ಮಾ… ಮಾ…"

"ಮಾಡಿ ಅಭ್ಯಾಸ ಇಲ್ವಾ?"

ಮತ್ತೆ ತಲೆಯಾಡಿಸಿದರು. ಬೇರೆಯವರ ಮಾತನ್ನು ನಾನೇ ಮುಗಿಸುವ ಚಾಳಿ ನನಗೆ ಹುಟ್ಟಿನಿಂದ ಬಂದದ್ದು. ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಮೀಟಿಂಗ್ ಮಾಡಿ ಅದು ಇನ್ನೂ ಹೆಚ್ಚಾಗಿದೆ. ಅವರು ಅವಸರಪಡಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ನನ್ನ ಬಾಯಿ ಮುಚ್ಚುವವರೆಗೆ ಕಾದು, "ನನಗೆ ಮಾತು ಬರಲ್ಲಮ್ಮ" ಎಂದು ಮುಗಿಸಿದರು. ನಾನು ಎಲ್ಲಾದರೂ ಬಿಲ ಸಿಕ್ಕರೆ ಸಾಕು ಎಂದು ನೋಡುತ್ತಾ ನಿಂತೆ.

ಅವತ್ತು ಪ್ರಾಂಪ್ಟರ್ ಆಗಿ ಕೂರಬೇಕಿದ್ದವರು ಬಂದಿರಲಿಲ್ಲ. ಅಂಕಲ್ ಸುಮ್ಮನೆ ಬಂದು ಪುಸ್ತಕ ತೆಗೆದುಕೊಂಡು ಕಂಬದ ಮರೆಯಲ್ಲಿ ಕೂತರು. ಎರಡನೇ ದೃಶ್ಯದಲ್ಲಿ ಶ್ರೀಧರ್ ಎಂದಿನಂತೆ ತಡವರಿಸಿದರು. ಕಂಬದ ಹಿಂದಿನಿಂದ ಒಂದು ಪಿಸುಮಾತು ಬಂತು. ತೆಳ್ಳಗೆ, ಸ್ಪಷ್ಟವಾಗಿ, ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಬಿಡಿಬಿಡಿಯಾಗಿ. ಯಾರಪ್ಪ ಇದು ಎಂದು ಬಗ್ಗಿ ನೋಡಿದೆ. ಅವರೇ! ಐದು ನಿಮಿಷದ ಹಿಂದೆ ಒಂದು ವಾಕ್ಯ ಮುಗಿಸಲು ಅಷ್ಟು ಕಷ್ಟಪಟ್ಟಿದ್ದ ಮನುಷ್ಯ ಪಿಸುಗುಟ್ಟುವಾಗ ಒಂದೇ ಒಂದು ಅಕ್ಷರಕ್ಕೂ ತಡೆಯುತ್ತಿರಲಿಲ್ಲ. ದನಿ ಎತ್ತಿದರೆ ಉಗ್ಗು, ದನಿ ಇಳಿಸಿದರೆ ಉಗ್ಗಿಲ್ಲ. ನನ್ನ ಮೈ ಜುಮ್ಮೆಂದಿತು. ಒಂಬತ್ತು ವರ್ಷ ಆ ಪಿಸುಮಾತು ಕೇಳಿದೆ. ಒಂದು ಸಲವೂ ಅದು ನನಗೆ ಮಾಮೂಲು ಅನ್ನಿಸಲಿಲ್ಲ.

ಅವರ ಕೆಲಸ ನಾಟಕಕ್ಕೆ ಎರಡು ತಿಂಗಳ ಮುಂಚೆ ಶುರುವಾಗುತ್ತಿತ್ತು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಸ್ಕೂಲಿನಲ್ಲಿ ಕನ್ನಡ ಇಲ್ಲ. ಮಾತೃಭಾಷೆಯ ಪೀರಿಯಡ್ಡಿನಲ್ಲಿ ಒಬ್ಬಳು ಹಿಂದಿ ಕಲಿತರೆ ಇನ್ನೊಬ್ಬ ತಮಿಳು ಕಲಿಯುತ್ತಾನೆ. ಹಾಗಾಗಿ ನಾನು ಎಲ್ಲರಿಗೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ಕಳಿಸುತ್ತಿದ್ದೆ. ಅದನ್ನು ಓದಿ ಮಕ್ಕಳು ಆಡುತ್ತಿದ್ದ ಕನ್ನಡ ಕೇಳಿದರೆ ಮೈಸೂರಿನ ನಮ್ಮಜ್ಜಿ ಎದ್ದು ಬಂದು ಬಾರಿಸುತ್ತಿದ್ದರು. ಅಂಕಲ್ ಅದನ್ನು ಕೇಳಿದರು. ಮುಂದಿನ ವಾರ ಹದಿನಾಲ್ಕು ನೋಟ್‌ಬುಕ್ ತಂದರು. ಒಬ್ಬೊಬ್ಬರಿಗೆ ಒಂದೊಂದು, ಅವರವರು ಓದಬಲ್ಲ ಲಿಪಿಯಲ್ಲಿ, ಕೈಯಲ್ಲೇ ಬರೆದದ್ದು. ಹಿಂದಿ ಮಕ್ಕಳಿಗೆ ದೇವನಾಗರಿಯಲ್ಲಿ ಬರೆದು, ಹಿಂದಿಯಲ್ಲಿಲ್ಲದ ಗಿಡ್ಡ ಎಕಾರ ಒಕಾರಗಳ ಮೇಲೆ ಸಣ್ಣ ಕೊಕ್ಕೆ ಹಾಕಿದ್ದರು. ಹಡಗುಕಟ್ಟೆಯ ಜೊತೆಗಾರರಿಂದ ಕಲಿತ ತಮಿಳು ಲಿಪಿ ಅವರಿಗೆ ಗೊತ್ತಿತ್ತು. ಅದರಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ, ಗ ಬರಬೇಕಾದ ಕಡೆಯೆಲ್ಲ ಕೆಂಪು ಚುಕ್ಕೆ. ಶ್ರೀಧರ್‌ಗೆ ಮಾತ್ರ ಕನ್ನಡದಲ್ಲೇ, ಆದರೆ ಹೆಬ್ಬೆರಳಿನ ಗಾತ್ರದ ಅಕ್ಷರ. ರಾಜ ಕನ್ನಡಕ ಹಾಕಿಕೊಳ್ಳಲು ಒಪ್ಪುವುದಿಲ್ಲವಲ್ಲ!

ಲೈಟು ನೋಡಿಕೊಳ್ಳುತ್ತಿದ್ದವರು ಅಂಕಲ್ ಪಕ್ಕದ ಫ್ಲ್ಯಾಟಿನ ಚೀನೀ ಮುದುಕರು, ಒಂದು ಕಾಲದ ಎಲೆಕ್ಟ್ರಿಷಿಯನ್. ಅವರಿಗೆ ಅಂಕಲ್ ಚಿತ್ರ ಬರೆದು ಕೊಡುತ್ತಿದ್ದರು. ಕಿರೀಟ ಕೆಳಗೆ ಬಿದ್ದರೆ ಕೆಂಪು ಲೈಟು, ಹುಡುಗಿ ಕೂತರೆ ನೀಲಿ. ಕನ್ನಡದ ಒಂದು ಪದ ಬಾರದ ಆ ಮುದುಕರು ಒಂದು ರಿಹರ್ಸಲ್ ಮುಗಿದ ಮೇಲೆ ನನ್ನ ಹತ್ತಿರ ಬಂದು ಇಲ್ಲಿಯ ಇಂಗ್ಲಿಷಿನಲ್ಲಿ, "ಕಿಂಗ್ ಟುಡೇ ನೋ ಫೀಲಿಂಗ್ ಲಾ" ಎಂದು ದೂರು ಕೊಟ್ಟರು. ನಿಜವಾಗಿಯೂ ಇರಲಿಲ್ಲ.

ಆ ನೋಟ್‌ಬುಕ್ಕುಗಳಲ್ಲಿ ಮಾತುಗಳ ನಡುವೆ ಪೆನ್ಸಿಲಿನಲ್ಲಿ ಒಂದು ಸೂಚನೆ ಇರುತ್ತಿತ್ತು: ಇಲ್ಲಿ ಉಸಿರು ತಗೋ. ಯಾವ ಪದ ಆದ ಮೇಲೆ ಎದೆ ಖಾಲಿಯಾಗುತ್ತದೆ, ಯಾವ ಅಕ್ಷರದ ಮುಂದೆ ಗಾಳಿ ಬೇಕು ಎನ್ನುವುದು ಅವರಷ್ಟು ಯಾರಿಗೆ ಗೊತ್ತಿರುತ್ತದೆ? ಮೊದಲ ವರ್ಷ ಅದರಿಂದ ಒಂದು ಫಜೀತಿಯೂ ಆಯಿತು. ನನ್ನ ಮಗಳು ಅನಘಾ ಆಗ ಎಂಟು ವರ್ಷದ ರಾಜಕುಮಾರಿ. ಯುದ್ಧದಲ್ಲಿ ಗಾಯಗೊಂಡು ಸಾಯುತ್ತಿರುವ ಅಪ್ಪನ ತಲೆ ತೊಡೆಯ ಮೇಲಿಟ್ಟುಕೊಂಡು ಅವಳು ಹೇಳಬೇಕಾದದ್ದು, "ಅಪ್ಪಾಜಿ, ನನ್ನನ್ನು ಬಿಟ್ಟು ಹೋಗಬೇಡಿ" ಎಂದು. ಅರ್ಥ ತಿಳಿಯದೆ ಬಾಯಿಪಾಠ ಮಾಡಿದವಳಿಗೆ ಮಾತು ಯಾವುದು ಸೂಚನೆ ಯಾವುದು ಎಂದು ಹೇಗೆ ಗೊತ್ತಾಗಬೇಕು? "ಅಪ್ಪಾಜಿ, ನನ್ನನ್ನು ಬಿಟ್ಟು ಹೋಗಬೇಡಿ. ಇಲ್ಲಿ ಉಸಿರು ತಗೋ" ಎಂದು ಶ್ರೀಧರ್ ಕೆನ್ನೆ ಸವರಿದಳು. ನಾನು ವಿಂಗಿನಲ್ಲಿ ಹಣೆ ಚಚ್ಚಿಕೊಂಡೆ. ಹಾಲಿನಲ್ಲಿ ಮಾತ್ರ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಂಕಲ್ ಸದ್ದಿಲ್ಲದೆ ನಕ್ಕ ನಗುವಿಗೆ ಸ್ಟೂಲು ಕಟಕಟ ಎನ್ನುತ್ತಿತ್ತು. ಮರುದಿನ ಮೂಲ ಪ್ರತಿಯಲ್ಲಿ ಆ ಮಾತನ್ನು ಇಂಕಿನಲ್ಲಿ ಸೇರಿಸಿ ನನಗೆ ತೋರಿಸಿದರು. "ನೀನು ಬರ್ದಿದ್ದಕ್ಕಿಂತ ಚೆನ್ನಾಗಿದೆ" ಎಂದು ಪಿಸುಗುಟ್ಟಿದರು.

ವಿಂಗಿನಲ್ಲಿ ಅವರ ಪಕ್ಕ ನಿಂತಾಗ ಕಲಿತದ್ದನ್ನು ನಾನು ಯಾವ ವರ್ಕ್‌ಶಾಪಿನಲ್ಲೂ ಕಲಿತಿಲ್ಲ. ಮರೆತವನಿಗೆ ಮೂರು ಉಸಿರಿನಷ್ಟು ಹೊತ್ತು ಕೊಡಬೇಕು, ಆಮೇಲೆ ಮೊದಲ ಪದ ಮಾತ್ರ ಕೊಡಬೇಕು. ಪೂರ್ತಿ ವಾಕ್ಯ ಕೊಟ್ಟರೆ ಅವನು ಮಾತಾಡುವುದು ನಮ್ಮ ಮಾತು. ನಟ ಬೇಕೆಂದೇ ನಿಲ್ಲಿಸಿದ್ದಾನೋ ಮರೆತಿದ್ದಾನೋ ಎಂದು ಅವರು ಮುಖ ನೋಡಿ ಹೇಳುತ್ತಿರಲಿಲ್ಲ. "ಕಾಲು ನೋಡು. ಮರೆತವನ ಕಾಲ್ಬೆರಳು ಆಡ್ತಿರುತ್ತೆ" ಎನ್ನುತ್ತಿದ್ದರು. ನಮ್ಮ ನಾಟಕದಲ್ಲಿ ಎಲ್ಲರೂ ಬರಿಗಾಲು. ನೋಡುತ್ತಾ ಹೋದ ಹಾಗೆ ನನಗೂ ಕಾಣತೊಡಗಿತು. ಶ್ರೀಧರ್ ಕಾಲ್ಬೆರಳಂತೂ ಇಡೀ ನಾಟಕ ಪಿಯಾನೋ ಬಾರಿಸುತ್ತಿರುತ್ತದೆ.

ಇನ್ನೊಂದು ನಿಯಮ ಅವರಿಗೆ ಎಲ್ಲಕ್ಕಿಂತ ದೊಡ್ಡದು. ಪ್ರಾಂಪ್ಟರನ ದನಿ ನಟನಿಗೆ ಮುಟ್ಟಬೇಕು, ಮೊದಲ ಸಾಲಿಗೆ ಮುಟ್ಟಬಾರದು. ಅದನ್ನು ಪರೀಕ್ಷೆ ಮಾಡುವುದು ಆಂಟಿಯ ಕೆಲಸ. ಸೀರೆ ಉಡಿಸುವುದು ಮುಗಿದೊಡನೆ ಆಂಟಿ ಹೋಗಿ ಮೊದಲ ಸಾಲಿನ ಎಡತುದಿಯ ಕುರ್ಚಿಯಲ್ಲಿ ಕೂರುತ್ತಿದ್ದರು, ಅಂಕಲ್ ಸ್ಟೂಲಿಗೆ ನೇರ. ನಾಟಕ ಮುಗಿದ ಮೇಲೆ ಬಂದು, "ಇವತ್ತು ಒಂದು ಸಲ ಕೇಳಿಸ್ತು ಕಣ್ರೀ, ಮೂರನೇ ಸೀನಲ್ಲಿ" ಎಂದರೆ ಅಂಕಲ್‌ಗೆ ಅವತ್ತು ಊಟ ಸೇರುತ್ತಿರಲಿಲ್ಲ. "ಏನೂ ಕೇಳಿಸ್ಲಿಲ್ಲ" ಎಂದರೆ ಎರಡು ಹೋಳಿಗೆ ಹೆಚ್ಚು ಇಳಿಯುತ್ತಿತ್ತು.

ಒಂದು ದಿನ ಬೂನ್ ಲೇಯ ಅವರ ಮನೆಯಲ್ಲಿ, ಅಂಕಲ್ ಕೆಳಗೆ ಬ್ರೆಡ್ ತರಲು ಹೋದಾಗ, ಆಂಟಿ ನನಗೊಂದು ವಿಷಯ ಹೇಳಿದರು. ಮೈಸೂರಿನ ಸ್ಕೂಲಿನಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಅಂಕಲ್‌ಗೆ ನಾಟಕದಲ್ಲಿ ದೂತನ ಪಾರ್ಟ್ ಕೊಟ್ಟಿದ್ದರಂತೆ. ಒಂದೇ ಮಾತು. ಹೊಳೆಯಾಚೆಯ ಸೈನ್ಯ ಬಂತು ಪ್ರಭು, ಅಂತಲೋ ಏನೋ. ಪ್ರಭು ಎನ್ನುವಲ್ಲಿ ಸಿಕ್ಕಿಕೊಂಡು ಪ್ರ ಪ್ರ ಎನ್ನುತ್ತಾ ನಿಂತಾಗ ಇಡೀ ಸ್ಕೂಲು ನಕ್ಕಿತು. ಮೇಷ್ಟ್ರು ಪರದೆಯ ಹಿಂದಿನಿಂದ ಕೈ ಹಾಕಿ ಶರಟು ಹಿಡಿದು ಒಳಗೆ ಎಳೆದುಕೊಂಡರು.

"ಅದಾಗಿ ಅರವತ್ತು ವರ್ಷ ಆಯ್ತು ಕಣೆ. ಈಗ್ಲೂ ಒಂದೊಂದ್ಸಲ ಹೇಳ್ತಾರೆ, ಸಾಯೋದ್ರೊಳಗೆ ಒಂದೇ ಒಂದು ಲೈನು ಸ್ಟೇಜ್ ಮೇಲೆ ಗಟ್ಟಿಯಾಗಿ ಹೇಳ್ಬೇಕು, ಕೊನೇ ಸಾಲಿಗೆ ಕೇಳ್ಸೋ ಹಾಗೆ ಅಂತ. ನಾನು ಹೇಳ್ದೆ ಅಂತ ಹೇಳ್ಬಿಟ್ಟೀಯ ಮತ್ತೆ!"

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಹೋದ ವರ್ಷದ ನಾಟಕದಲ್ಲಿ ಒಬ್ಬ ಮುದಿ ಕಾವಲುಗಾರ ಬರುತ್ತಾನೆ. ಮುತ್ತಿಗೆ ಬಿದ್ದ ಕೋಟೆಯ ಬಾಗಿಲನ್ನು ರಾಜನ ಅಪ್ಪಣೆಯಿಲ್ಲದೆ ತೆರೆದು, ಅದನ್ನು ಹೇಳಲು ಬರುತ್ತಾನೆ. ನಾಲ್ಕೇ ವಾಕ್ಯ. ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದವರು ಅಂಕಲ್. ಪಾತ್ರ ಹಂಚುವಾಗ ಮಾತ್ರ ಜುರಾಂಗಿನ ಒಬ್ಬ ಇಂಜಿನಿಯರಿಗೆ ಕೊಟ್ಟೆ. ಅವರಿಗೆ ಅವಮಾನ ಆಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹೆದರಿದ್ದು ನನ್ನ ನಾಟಕ ಕೆಟ್ಟೀತೆಂದು. ಎಲ್ಲರ ಮಾತನ್ನೂ ಬರೆದುಕೊಡುವ ಅಂಕಲ್ ಆ ನಾಲ್ಕು ವಾಕ್ಯವನ್ನೂ ಮುದ್ದಾಗಿ ಬರೆದು ಆ ಇಂಜಿನಿಯರಿಗೆ ಕೊಟ್ಟರು.

ನಾಟಕದ ದಿನ, ಇನ್ನೆರಡು ಗಂಟೆಯಲ್ಲಿ ಪರದೆ ಏಳಬೇಕು ಎನ್ನುವಾಗ ಆತನ ಫೋನ್ ಬಂತು. ಫ್ಯಾಕ್ಟರಿಯಲ್ಲಿ ಮೆಷೀನು ಕೆಟ್ಟಿದೆ, ಬಿಟ್ಟು ಬರುವ ಹಾಗಿಲ್ಲ. ಗ್ರೀನ್ ರೂಮಿನಲ್ಲಿ ಎಲ್ಲರೂ ನನ್ನ ಮುಖ ನೋಡಿದರು.

"ಕಟ್ ಮಾಡೋಣ" ಎಂದೆ. "ಬಾಗಿಲು ತೆರೆದಿದೆ ಅಂತ ಒಳಗಿಂದ ಯಾರಾದ್ರೂ ಕೂಗಿದ್ರೆ ಸಾಕು."

ಅಂಕಲ್ ಎದ್ದು ನಿಂತರು. ಬಾಯಿ ತೆರೆದರು. ಏನೂ ಹೊರಡಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು ಪ್ರತಿಯ ಹಿಂಬದಿಯಲ್ಲಿ ಬರೆದು ನನ್ನ ಮುಂದೆ ಹಿಡಿದರು: ಕಟ್ ಮಾಡಬೇಡ. ನಾನು ಹೋಗುತ್ತೇನೆ. ನೀನು ಸ್ಟೂಲ್ ಮೇಲೆ ಕೂತುಕೋ.

ಆಂಟಿ ಓದಿದರು. ಗಂಡನ ತಲೆಗೆ ಪೇಟ ಸುತ್ತಿದರು. ಇಪ್ಪತ್ತು ಸೀರೆ ನಿಮಿಷಕ್ಕೊಂದರಂತೆ ಉಡಿಸುವ ಕೈ ಆ ಒಂದು ಪೇಟವನ್ನು ಮೂರು ಸಲ ಬಿಚ್ಚಿ ಸುತ್ತಬೇಕಾಯಿತು.

ಕಾವಲುಗಾರನ ಪ್ರವೇಶ ಕೊನೆಯ ದೃಶ್ಯದಲ್ಲಿ. ನಾನು ಸ್ಟೂಲಿನ ಮೇಲೆ ಕೂತು ಹಾಲಿನತ್ತ ಬಗ್ಗಿ ನೋಡಿದೆ. ಮೊದಲ ಸಾಲಿನ ಎಡತುದಿಯ ಕುರ್ಚಿ ಖಾಲಿ ಇತ್ತು. ಆಂಟಿಗೆ ನೋಡಲು ಧೈರ್ಯ ಬಂದಿಲ್ಲ, ಹೊರಗೆ ಹೋಗಿದ್ದಾರೆ ಎಂದುಕೊಂಡೆ. ನನಗೂ ಎದ್ದು ಹೋಗಬೇಕೆನಿಸಿತು.

ಸಿಂಹಾಸನದಲ್ಲಿ ಶ್ರೀಧರ್, ಪಕ್ಕದಲ್ಲಿ ರಾಜಕುಮಾರಿ ಅನಘಾ. ಪ್ಲಾಸ್ಟಿಕ್ ಪೈಪಿಗೆ ಬೆಳ್ಳಿ ಬಣ್ಣ ಬಳಿದ ಈಟಿ ಹಿಡಿದು ಅಂಕಲ್ ನಡುರಂಗಕ್ಕೆ ಬಂದು ನಿಂತರು.

"ಪ್ರ…" ಎಂದರು.

"ಪ್ರ… ಪ್ರ… ಪ್ರ…"

ಹಾಲಿನಲ್ಲಿ ಎಲ್ಲೋ ಒಂದು ಮಗು ಕಿಸಕ್ಕೆಂದಿತು. ನಾನು ಅವರೇ ಹೇಳಿಕೊಟ್ಟ ಹಾಗೆ ಮೂರು ಉಸಿರು ಎಣಿಸಿ, "ಪ್ರಭು" ಎಂದು ಪಿಸುಗುಟ್ಟಿದೆ. ಏನೂ ಆಗಲಿಲ್ಲ. ಕಾಲು ನೋಡಿದೆ. ಎರಡೂ ಪಾದ ನೆಲಕ್ಕೆ ಅಂಟಿಕೊಂಡಿದ್ದವು, ಒಂದು ಬೆರಳೂ ಆಡುತ್ತಿರಲಿಲ್ಲ. ಅವರು ಏನೂ ಮರೆತಿರಲಿಲ್ಲ. ಮರೆತವನಿಗೆ ಹೇಳಿಕೊಡಬಹುದು, ಗೊತ್ತಿರುವವನಿಗೆ ಏನೆಂದು ಹೇಳಿಕೊಡುವುದು? ಆ ನಾಲ್ಕು ವಾಕ್ಯವನ್ನೂ ವಿಂಗಿನಿಂದ ನಾನೇ ಕೂಗಿಬಿಡೋಣ, ಈ ಸಂಕಟ ಇಲ್ಲಿಗೆ ಮುಗಿಸೋಣ ಎಂದು ನನ್ನ ನಾಲಿಗೆ ತುದಿಗೆ ಬಂದಿತ್ತು. ಆ ಮೇಷ್ಟ್ರು ಶರಟು ಹಿಡಿದು ಎಳೆದದ್ದೂ ಇದೇ ಅಲ್ಲವೇ ಎಂದು ಹೊಳೆದು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ಆಗ ಅನಘಾ ಎದ್ದಳು. ನಾನು ಹಾಗೆ ಹೇಳಿಕೊಟ್ಟಿರಲಿಲ್ಲ. ಆ ದೃಶ್ಯದಲ್ಲಿ ಅವಳು ಕೂತಲ್ಲಿಂದ ಅಲ್ಲಾಡುವ ಹಾಗೇ ಇಲ್ಲ. ಮೂರು ಮೆಟ್ಟಿಲಿಳಿದು ಬಂದು, ಅಂಕಲ್ ಕೈ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ತಾತ, ಇಲ್ಲಿ ಉಸಿರು ತಗೋ."

ಅಂಕಲ್ ಅವಳ ಮುಖ ನೋಡಿದರು. ಎದೆ ಏರಿತು, ಇಳಿಯಿತು. ಮತ್ತೆ ಏರಿತು. ಅನಘಾ ತುಟಿ ತೆರೆದಳು, ಅವರೂ ತೆರೆದರು. ಎರಡು ದನಿ ಒಟ್ಟಿಗೆ ಹೊರಟವು.

"ಪ್ರಭು, ಕೋಟೆಯ ಬಾಗಿಲು ತೆರೆದಿದೆ. ತೆರೆದವನು ನಾನೇ."

ಅಲ್ಲಿಗೆ ಅವಳು ನಿಲ್ಲಿಸಿಬಿಟ್ಟಳು. ನನ್ನ ಜೀವ ಬಾಯಿಗೆ ಬಂತು. ಅಂಕಲ್ ನಿಲ್ಲಿಸಲಿಲ್ಲ.

"ಹೊರಗೆ ನಿಂತವರು ಶತ್ರುಗಳಲ್ಲ, ಹಸಿದವರು. ಶಿಕ್ಷೆ ಕೊಡುವುದಾದರೆ ನನಗೆ ಕೊಡಿ!"

ನಾನು ಒಂಬತ್ತು ವರ್ಷ ಕೇಳಿದ್ದು ಅವರ ಪಿಸುಮಾತು. ಅದರ ಒಳಗೆ ಇಷ್ಟು ದೊಡ್ಡ ದನಿ ಇತ್ತೆಂದು ನನಗೆ ಗೊತ್ತಿರಲಿಲ್ಲ. ಶ್ರೀಧರ್‌ಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಬಾಯಿ ತೆರೆದು ನೋಡುತ್ತಾ ಕೂತ ರಾಜರು ತಮ್ಮ ಮುಂದಿನ ಮಾತನ್ನೇ ಮರೆತರು. ಕಾಲ್ಬೆರಳು ಕುಣಿಯತೊಡಗಿದವು. ನಾನು ಅಳುತ್ತಾ ಪುಟ ಹುಡುಕುತ್ತಿದ್ದೆ. ಅಷ್ಟರಲ್ಲಿ ಎರಡು ಮಾರು ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದ ಕಾವಲುಗಾರ, ಮೂರು ಉಸಿರು ಕಾದು, ತುಟಿ ಅಲ್ಲಾಡದಂತೆ ಮೊದಲ ಪದ ಕೊಟ್ಟ.

ಆಮೇಲೆ ಅನಘಾಳನ್ನು ಕೇಳಿದೆ, ಒಟ್ಟಿಗೆ ಹೇಳಿದರೆ ಬರುತ್ತದೆ ಅಂತ ನಿನಗೆ ಹೇಗೆ ಗೊತ್ತಿತ್ತು ಎಂದು. "ಅಮ್ಮಾ, ರಿಹರ್ಸಲ್‌ನಲ್ಲಿ ನಾವೆಲ್ಲ ಸೇರಿ ಪ್ರಾರ್ಥನೆ ಹೇಳ್ವಾಗ ಅಂಕಲ್ ಒಂದ್ಸಲಾನೂ ಸ್ಟಕ್ ಆಗಲ್ಲ. ನೀನು ನೋಡೇ ಇಲ್ವಾ?" ಎಂದಳು. ನಾನು ನೋಡಿರಲಿಲ್ಲ. ಈ ಸಲದ ನಾಟಕಕ್ಕೆ ಆ ಸ್ಟೂಲಿನ ಮೇಲೆ ಅವಳೇ ಕೂರುತ್ತಾಳಂತೆ. ಪಾರ್ಟ್ ಬೇಡವಂತೆ.

ಅವತ್ತು ಪರದೆ ಬಿದ್ದ ಮೇಲೆ ನಾನು ಸ್ಟೇಜಿಗೆ ಹೋಗಿ ಎಲ್ಲರ ಹೆಸರು ಹೇಳಿ ವಿಂಗಿಗೆ ವಾಪಸು ಬಂದಾಗ ಅಂಕಲ್ ಪೇಟ ತೆಗೆಯದೆ ತಮ್ಮ ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಏನೋ ಕೇಳಲು ಹೊರಟರು.

"ಕೊ… ಕೊ… ಕೊನೇ…"

ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಮಾತು ನನ್ನ ಬಾಯಿಯಲ್ಲೇ ಇತ್ತು. ಮುಗಿಸಲಿಲ್ಲ. ಅವರ ಪಕ್ಕ ನೆಲದ ಮೇಲೆ ಕೂತು ಕಾದೆ.

"ಕೊನೇ ಸಾ… ಸಾಲಿಗೆ ಕೇಳಿಸ್ತಾ?"

ನಾನು ಉತ್ತರ ಹೇಳುವ ಮೊದಲೇ ಹಿಂದಿನಿಂದ ಏದುಸಿರು ಬಿಡುತ್ತಾ ಆಂಟಿ ಬಂದರು. ಅಷ್ಟು ಉದ್ದದ ಹಾಲನ್ನು ಆ ತುದಿಯಿಂದ ನಡೆದು ಬಂದಿದ್ದರು. ಸೆರಗಿನಿಂದ ಗಂಡನ ಹಣೆಯ ಬೆವರು ಒರೆಸುತ್ತಾ ಹೇಳಿದರು:

"ಕೇಳಿಸ್ತು ಕಣ್ರೀ. ಇವತ್ತು ನಾನು ಅಲ್ಲೇ ಕೂತಿದ್ದೆ."